ಬೈಗುಳದ ಜೋಗುಳ

"ಇದು ನಮ್ಮ ಕಡೆಯ ಗಂಟಲಲ್ಲ" ಎಂದು ಹಾಲ್ದೋರಾ ರೊಟ್ಟಿಗೆ ಬೆಣ್ಣೆ ಸವರುತ್ತ ಹೇಳಿದ್ದೇ ಅವತ್ತಿನ ರಗಳೆಗೆಲ್ಲ ಮೂಲ.

ಹೇಳಿದ್ದು ಮೆಲ್ಲಗೇ. ಮೆಲ್ಲಗೆ ಹೇಳಿದ್ದರಿಂದಲೇ ಅವಳ ಅಳಿಯ ಕೋಲ್ಬೇನನಿಗೆ ಜಾಸ್ತಿ ಉರಿಯಿತು. ಪಕ್ಕದ ಕೋಣೆಯಲ್ಲಿ ಏಳು ವಾರದ ಮಗಳು ಒಂದೇ ಸಮನೆ ಅರಚುತ್ತಿದ್ದಳು. ರಾತ್ರಿಯಿಡೀ ಅರಚಿದ್ದು ಬೇರೆ ಯಾರೋ, ತಾನು ಈಗಷ್ಟೇ ಪಾಳಿಗೆ ಹಾಜರಾದೆ ಎನ್ನುವಂತಿತ್ತು ಅವಳ ಹುರುಪು.

"ಮತ್ತೆ ಯಾರ ಕಡೇದು ಅತ್ತೆ?"

"ನಾನು ಯಾರನ್ನೂ ಅಂದಿಲ್ಲಪ್ಪ. ನಿನ್ನ ಹೆಂಡ್ತಿ ಸೋಲ್ವೇಗ್ ಹುಟ್ಟಿದಾಗ ತೊಟ್ಟಿಲಲ್ಲಿ ಮಗು ಇದೆಯೋ ಇಲ್ವೋ ಅಂತ ಬಗ್ಗಿ ನೋಡ್ಬೇಕಿತ್ತು, ಅಷ್ಟು ಸಾಧು. ರಕ್ತದಲ್ಲಿ ಬರೋದು ಬಂದೇ ಬರುತ್ತೆ."

"ರಕ್ತದಲ್ಲಿ ಏನೂ ಬರಲ್ಲ. ನೀವು ಬಂದಾಗಿಂದ ಅದನ್ನ ಎತ್ತಿ ಇಳಿಸಿ, ಎತ್ತಿ ಇಳಿಸಿ ಕೆಡಿಸಿಟ್ಟಿದ್ದೀರಿ. ಎಲ್ಲಾ ಸಾಕೋದ್ರಲ್ಲಿರೋದು."

"ನೋಡು, ಸಿಟ್ಟು ಬಂತು."

"ನಂಗೆ ಸಿಟ್ಟು ಬಂದಿಲ್ಲ" ಎಂದ ಕೋಲ್ಬೇನ್, ಹಲ್ಲು ಕಚ್ಚಿಕೊಂಡು. ಬಿಸಿನೀರು ಸರಬರಾಜು ಕಚೇರಿಯಲ್ಲಿ ದಿನವಿಡೀ ಫೋನಿನಲ್ಲಿ ಜನರ ದೂರು ಕೇಳಿ "ಕ್ಷಮಿಸಿ" ಎನ್ನುವುದೇ ಅವನ ಉದ್ಯೋಗ. ಅಲ್ಲಿ ನುಂಗಿದ್ದೆಲ್ಲ ಹೊಟ್ಟೆಯಲ್ಲಿ ಕುದಿಯುತ್ತಲೇ ಇತ್ತು. ಆದರೂ ತಾನು ಶಾಂತ ಸ್ವಭಾವದವನೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಐಸ್‌ಲ್ಯಾಂಡಿನ ಅಜ್ಜಿಯರ ಬಾಯಲ್ಲಿ ಇದಕ್ಕೊಂದು ಹಳೆಯ ಲೆಕ್ಕವಿದೆ. ಮಗುವಿನ ಗುಣದಲ್ಲಿ ಕಾಲುಪಾಲು ಅಪ್ಪನದು, ಕಾಲುಪಾಲು ಅಮ್ಮನದು, ಕಾಲುಪಾಲು ಸಾಕಿದವರದು, ಉಳಿದ ಕಾಲುಪಾಲು ಇಟ್ಟ ಹೆಸರಿನದು. ಅಪ್ಪನ ಪಾಲು ಆಗಲೇ ಕೆಟ್ಟುಹೋಗಿದೆ ಎಂದು ತೀರ್ಮಾನಿಸಿದ್ದ ಹಾಲ್ದೋರಾ ಹೆಸರಿನ ಪಾಲಿಗೆ ಕೈಹಾಕಿದಳು.

"ಮಧ್ಯಾಹ್ನ ನಾಮಕರಣಕ್ಕೆ ಪಾದ್ರಿಯಮ್ಮ ಬರ್ತಾರಲ್ಲ, ನಮ್ಮ ಕಡೇದೊಂದು ತಣ್ಣಗಿನ ಹೆಸರಿದೆ. ಯಾವುದು ಅಂತ ಈಗ ಹೇಳಲ್ಲ. ಅದನ್ನಿಟ್ರೆ ಮಗು ಸರಿಹೋಗುತ್ತೆ."

ತಲೆಗೆ ನೀರು ಬೀಳುವ ಮೊದಲು ಮಗುವಿನ ಹೆಸರನ್ನು ಬಾಯಿಬಿಟ್ಟು ಹೇಳುವುದು ಅಲ್ಲಿ ಕೂಡದು. ಅಪ್ಪ ಅಮ್ಮ ಗುಟ್ಟಾಗಿಟ್ಟು ಪಾದ್ರಿಯ ಮುಂದೆಯೇ ಹೇಳಬೇಕು. ಕೋಲ್ಬೇನನ ಎದೆಯಲ್ಲೂ ಒಂದು ಹೆಸರು ಗುಟ್ಟಾಗಿತ್ತು: ಅವನ ಅಮ್ಮ ತೋರ್ಗೆರ್ದಳ ಹೆಸರು. ಅಣ್ಣಂದಿರಿಗೆ ಹೆಣ್ಣುಮಕ್ಕಳು ಹುಟ್ಟುತ್ತಲೇ ಹೋದರು. ಒಬ್ಬನೂ ಅಮ್ಮನ ಹೆಸರಿಡಲಿಲ್ಲ. ಪ್ರತಿ ನಾಮಕರಣದಲ್ಲೂ ಹೆಸರು ಕಿವಿಗೆ ಬಿದ್ದ ಕೂಡಲೇ ಅಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುವುದನ್ನು ಕಂಡವನು ಕೋಲ್ಬೇನ್ ಒಬ್ಬನೇ. ಈ ಸಲ ಆ ಕಣ್ಣೀರು ಸುರಿಯಬಾರದು ಎಂದು ಅವನು ಶಪಥ ಮಾಡಿದ್ದ.

"ಹೆಸರು ನಮ್ಮ ಕಡೇದೇ" ಎಂದ.

"ಗಂಟಲೂ ನಿಮ್ಮ ಕಡೇದು, ಹೆಸರೂ ನಿಮ್ಮ ಕಡೇದಾ? ಇನ್ನು ಕಿಟಕಿ ಗಾಜಿನ ಗತಿ ಏನು?"

ಬಾಗಿಲಲ್ಲಿ ಸೋಲ್ವೇಗ್ ಕಾಣಿಸಿಕೊಂಡಳು. ನಿದ್ದೆಯಿಲ್ಲದೆ ಅವಳ ಮುಖ ಒಣಮೀನಿನ ಹಾಗಾಗಿತ್ತು. ಮಗುವನ್ನು ತಂದು ಗಂಡನ ಕೈಗೆ ತುರುಕಿದಳು.

"ಇಬ್ರೂ ಕೇಳಿ. ಸಾಕೋದ್ರಲ್ಲೇ ಎಲ್ಲಾ ಇದೆ ಅಂತಾನಲ್ಲ, ಸಾಕ್ಲಿ ಇವ್ನು. ಪಾದ್ರಿಯಮ್ಮ ಬರೋ ಹೊತ್ತಿಗೆ ಮಗು ಮಲಗಿದ್ರೆ ಹೆಸರು ಇವನು ಹೇಳ್ತಾನೆ. ಅರಚ್ತಾ ಇದ್ರೆ ಅಮ್ಮ ಹೇಳ್ಲಿ. ನನ್ನ ಎಬ್ಬಿಸಿದವರಿಗೆ ನಾನೇ ಬೇರೆ ಹೆಸರಿಡ್ತೀನಿ."

ಕೋಣೆಯ ಬಾಗಿಲು ಮುಚ್ಚಿತು.

ಕೋಲ್ಬೇನ್ ಮಗುವನ್ನು ಬೆಚ್ಚಗೆ ಸುತ್ತಿ, ಗಾಡಿಯಲ್ಲಿ ಮಲಗಿಸಿ, ಕಟ್ಟಡದ ಹಿಂದಿನ ಅಂಗಳಕ್ಕೆ ತಂದ. ಹಿಮದ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ನಿದ್ದೆಮಾಡುತ್ತವೆ ಎಂಬ ಒಂದು ವಿಷಯದಲ್ಲಿ ಮಾತ್ರ ಅತ್ತೆ ಅಳಿಯನಿಗೆ ಜಗಳವಿರಲಿಲ್ಲ. ಗಾಡಿ ತೂಗುತ್ತ, ಜೇನಿನಂಥ ದನಿಯಲ್ಲಿ "ಮಲಗು ಪುಟ್ಟಿ, ಮಲಗು ಬಂಗಾರಿ" ಎಂದ. ಪುಟ್ಟಿ ಇನ್ನೊಂದು ಸ್ವರ ಮೇಲಕ್ಕೆ ಏರಿದಳು.

ನೆಲಮಹಡಿಯ ಸ್ತೈನುನ್ ಬಟ್ಟೆಬುಟ್ಟಿ ಹೊತ್ತು ಹೊರಬಂದಳು. "ಟೋಪಿ ಬಿಗಿಯಾಗಿದೆ ಕೋಲ್ಬೇನ್."

"ಇಲ್ಲ ಸ್ತೈನುನ್."

"ಹಾಗಾದ್ರೆ ಸಡಿಲವಾಗಿದೆ."

ಮೂರನೇ ಮಹಡಿಯಿಂದ ಮುದುಕ ಒಡ್ಡುರ್ ಇಳಿದುಬಂದ. ಮೀನುಗಾರಿಕೆ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಎಲ್ಲ ಮಡಕೆಯಲ್ಲೂ ಸೌಟು ಆಡಿಸುವ ಚಪಲ ಇನ್ನೂ ಬಿಟ್ಟಿರಲಿಲ್ಲ. "ಮಗು ನಿನ್ನ ಮುಖ ನೋಡಿ ಅಳ್ತಿದೆ ತಮ್ಮಾ. ನಂಗೂ ಒಂದೊಂದ್ಸಲ ಹಾಗಾಗುತ್ತೆ. ಕೊಡು ಇಲ್ಲಿ. ಹಡಗು ಅಲುಗಾಡೋ ಹಾಗೆ ಅಲುಗಾಡಿಸಬೇಕು."

"ದಯವಿಟ್ಟು ಮುಟ್ಟಬೇಡಿ" ಎಂದ ಕೋಲ್ಬೇನ್, ಕಚೇರಿಯ ದನಿಯಲ್ಲಿ. ಒಳಗೆ ಮಾತ್ರ ಕೊಳವೆಗಳೆಲ್ಲ ಬಿರಿಯುವ ಹಂತಕ್ಕೆ ಬಂದಿದ್ದವು.

ಒಡ್ಡುರ್ ಮುಟ್ಟಿದ. ಮುಟ್ಟಿದ್ದಲ್ಲದೆ, ಕಾಲಿಂದ ಗಾಡಿಯ ತಡೆಯನ್ನು ತೆಗೆದು, ಜೇಬಿನಿಂದ ನಶ್ಯದ ಡಬ್ಬಿ ತೆಗೆಯಲು ಎರಡೂ ಕೈ ಬಿಟ್ಟ. ಗಾಡಿ ಅಂಗಳದ ಇಳಿಜಾರಿನಲ್ಲಿ ತನ್ನ ಪಾಡಿಗೆ ಹೊರಟಿತು. ಸ್ತೈನುನ್ ಬಟ್ಟೆಬುಟ್ಟಿ ಚೆಲ್ಲಿ ಹಿಂದೆ ಓಡಿದಳು, ಕೋಲ್ಬೇನ್ ಅವಳನ್ನು ದಾಟಿ ಓಡಿದ. ಗಾಡಿ ಮೆತ್ತಗೆ ಹೋಗಿ ಹಿಮದ ಗುಡ್ಡೆಗೆ ಮೂತಿ ಹುದುಗಿಸಿ ನಿಂತಿತು.

ಆಗ ಕೋಲ್ಬೇನ್ ಬಾಯಿಬಿಟ್ಟ. ಅಷ್ಟು ವರ್ಷ ನುಂಗಿದ್ದ "ಕ್ಷಮಿಸಿ"ಗಳೆಲ್ಲ ಬೇರೆ ವೇಷದಲ್ಲಿ ಹೊರಬಂದವು. ಒಡ್ಡುರನ ಕೈ, ಕಾಲು, ನಶ್ಯ, ಅವನ ಹಡಗು, ಅವನ ಅಡುಗೆ ತಿಂದೂ ಬದುಕಿದವರು, ಯಾರನ್ನೂ ಬಿಡಲಿಲ್ಲ. ಛಾವಣಿಯ ಮೇಲಿದ್ದ ಕಡಲಹಕ್ಕಿಗಳು ಬೇರೆ ಮನೆ ನೋಡಿಕೊಂಡವು.

ಉಸಿರು ತೆಗೆದುಕೊಳ್ಳಲು ನಿಂತಾಗ ಅಂಗಳದಲ್ಲಿ ಸದ್ದೇ ಇರಲಿಲ್ಲ.

ಮೂವರೂ ಗಾಡಿಯೊಳಗೆ ಬಗ್ಗಿದರು. ಪುಟ್ಟಿ ಬಾಯಂಚಿನಲ್ಲಿ ನಗು ಇಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದಳು.

"ಅಯ್ಯೋ ಪಾಪ, ಕ್ಷಮಿಸಮ್ಮ ಪುಟ್ಟಿ" ಎಂದು ಕೋಲ್ಬೇನ್ ಮೃದುವಾಗಿ ಪಿಸುಗುಟ್ಟಿದ. ತಕ್ಷಣ ಅರಚಾಟ ಶುರುವಾಯಿತು.

"ಬೈ ತಮ್ಮಾ, ಬೈ" ಎಂದ ಒಡ್ಡುರ್. "ನನ್ನ ಅಡುಗೆ ವಿಚಾರ ಅರ್ಧಕ್ಕೆ ನಿಂತಿತ್ತು."

ಕೋಲ್ಬೇನ್ ಬೈದ. ಮಗು ಮಲಗಿತು. ನಿಲ್ಲಿಸಿದ. ಎದ್ದಿತು. ಸುಮ್ಮನೆ ಜೋರುದನಿಯಲ್ಲಿ ಹವಾಮಾನ ವರದಿ ಹೇಳಿ ನೋಡಿದ. ಅದಕ್ಕೆ ಮಗು ಮೋಸಹೋಗಲಿಲ್ಲ. ನಿಜವಾದ ಸಿಟ್ಟೇ ಆಗಬೇಕಿತ್ತು. ಬೆಳಗಿನ ದಾಸ್ತಾನು ಖಾಲಿಯಾದಾಗ ಅವನು ಕಂಗಾಲಾಗಿ ನೆರೆಯವರ ಮುಖ ನೋಡಿದ. ಅವರು ಕೈಬಿಡಲಿಲ್ಲ.

"ಕೆಳಗೆ ಎಲ್ಲರಿಗೂ ಇರೋ ಮೆಷೀನಿಂದ ನಿನ್ನ ಒದ್ದೆ ಬಟ್ಟೇನ ತೆಗೆದು ನೆಲದ ಮೇಲೆ ಹಾಕೋದು ಯಾರು ಗೊತ್ತಾ?" ಎಂದಳು ಸ್ತೈನುನ್. "ನಾನೇ. ಪ್ರತಿ ವಾರ."

"ನೀವಾ? ನಾನು ಪಾಪ ಎದುರುಮನೆ ಕಾಲೇಜು ಹುಡುಗೀನ ಮನಸ್ಸಲ್ಲೇ ಬೈಕೊಂಡೆನಲ್ರೀ" ಎಂದು ಕೋಲ್ಬೇನ್ ಗುಡುಗಿದ. ಮಗು ತುಟಿ ಚಪ್ಪರಿಸಿ ನಿದ್ದೆಗೆ ಜಾರಿತು.

"ನಾನು ಕಿಟಕೀಲಿ ಮೀನಿನ ತಲೆ ಎಸೀತೀನಿ" ಎಂದು ಒಡ್ಡುರ್ ಸರದಿ ತೆಗೆದುಕೊಂಡ. "ಹಕ್ಕಿಗಳು ತಿಂದು ನಿನ್ನ ಕಾರಿನ ಮೇಲೆ ಕೂತ್ಕೊಳ್ತವೆ. ಈ ಕಟ್ಟಡದ ಸಂಘದ ಚುನಾವಣೇಲಿ ನೀನು ಒಂದು ಓಟಲ್ಲಿ ಸೋತೆಯಲ್ಲ, ಅದೂ ನಂದೇ. ಬಾಯಲ್ಲಿ ನಿಂಗೆ ಅಂದಿದ್ದೆ, ಚೀಟೀಲಿ ಬೇರೆಯವ್ರ ಹೆಸರು ಬರೆದೆ."

ಇಬ್ಬರಿಗೂ ಹುರುಪೇರಿತು. ವರ್ಷಗಳಿಂದ ಮುಚ್ಚಿಟ್ಟಿದ್ದನ್ನೆಲ್ಲ ಒಂದೊಂದಾಗಿ ಹೊರಹಾಕುತ್ತಾ ಹೋದರು. ಇಂಥ ಜನರ ನಡುವೆ ಇಷ್ಟು ದಿನ ನಗುನಗುತ್ತ ಬದುಕಿದೆನೇ ಎಂದು ಕೋಲ್ಬೇನನ ಕಣ್ಣು ಕೆಂಪಾಯಿತು. ಮಗು ಎಂದೂ ಕಾಣದ ನಿದ್ದೆ ಮಾಡಿತು.

ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಹಾಲ್ದೋರಾ ಕೆಳಗೆ ಬಂದಳು. ಕೈಯಲ್ಲಿ ಕಾಫಿ, ಮುಖದಲ್ಲಿ ಎಂದೂ ಇಲ್ಲದ ಅಕ್ಕರೆ.

"ತಗೋ ಕೋಲ್ಬೇನ್. ಎಷ್ಟು ಒದ್ದಾಡ್ತಿದ್ದೀಯಪ್ಪ. ನನ್ನ ಮಗಳು ಪುಣ್ಯ ಮಾಡಿದ್ಲು, ನಿನ್ನಂಥ ಗಂಡ ಸಿಕ್ಕಿದ್ದಾನೆ."

ಕೋಲ್ಬೇನನ ಎದೆ ಒಮ್ಮೆಲೇ ತಣ್ಣಗಾಯಿತು. ಮದುವೆಯಾದ ಮೇಲೆ ಅತ್ತೆ ಆಡಿದ ಮೊದಲ ಒಳ್ಳೆಯ ಮಾತು ಅದು. "ಹಾಗೇನಿಲ್ಲ ಅತ್ತೆ" ಎಂದು ನಾಚಿದ. ಗಾಡಿಯೊಳಗೆ ಮಗು ಮುಲುಗಿತು. ಅತ್ತೆ ಗಾಡಿಯನ್ನೇ ಓರೆಗಣ್ಣಿನಲ್ಲಿ ನೋಡುತ್ತಿರುವುದು ಆಗ ಅವನಿಗೆ ಕಂಡಿತು.

"ಬೇಕಂತಲೇ ಹೊಗಳಿದ್ರಾ?"

"ಇಲ್ಲಪ್ಪಾ. ಸ್ವಲ್ಪ ಬೇಕಂತ."

ಆಮೇಲೆ ಕೋಲ್ಬೇನನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅತ್ತೆಯ ಮೇಲಿನ ಸಿಟ್ಟು ಮಧ್ಯಾಹ್ನದವರೆಗೂ ಧಾರಾಳವಾಗಿ ಬಂತು. ಪಾದ್ರಿಯಮ್ಮನ ಕಾರು ತಿರುವಿನಲ್ಲಿ ಕಾಣಿಸಿಕೊಂಡಾಗ ಅವನ ಗಂಟಲಿಂದ ದನಿಗೆ ಬದಲು ಗಾಳಿ ಬರುತ್ತಿತ್ತು. ಆದರೆ ಮಗು ಮಲಗಿತ್ತು. ಅವನು ಗೆದ್ದಿದ್ದ.

ಹಜಾರದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ನೀರಿನ ಬಟ್ಟಲಿಟ್ಟಿದ್ದರು. ಕೋಲ್ಬೇನನ ಅಮ್ಮ ತೋರ್ಗೆರ್ದ ಹಬ್ಬದ ಉಡುಪಿನಲ್ಲಿ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ಆಗಲೇ ಕರವಸ್ತ್ರ ಹಿಡಿದುಕೊಂಡಿದ್ದಳು. ಹಾಲ್ದೋರಾ ಮೂಲೆಯಲ್ಲಿ ಮುಖ ಊದಿಸಿಕೊಂಡಿದ್ದಳು. ಸೋಲ್ವೇಗ್ ಗಂಡನ ಕಿವಿಯಲ್ಲಿ, "ನೀನು ಹೇಳು" ಎಂದಳು.

"ಮಗುವಿನ ಹೆಸರೇನು?" ಎಂದು ಪಾದ್ರಿಯಮ್ಮ ಕೇಳಿದರು.

ಕೋಲ್ಬೇನ್ ಗಂಟಲಲ್ಲಿ ಉಳಿದಿದ್ದ ಕೊನೆಯ ದನಿಯನ್ನು ಒಟ್ಟುಗೂಡಿಸಿ, ಅಮ್ಮನ ಮುಖವನ್ನೇ ನೋಡುತ್ತ, "ತೋರ್ಗೆರ್ದ" ಎಂದ.

ನೀರು ಬಿತ್ತು. ಆಮೆನ್ ಆಯಿತು. ಅಮ್ಮ ಎದ್ದು ನಿಂತಳು.

"ಯಾರು ಹೇಳಿದ್ರೋ ನಿಂಗೆ, ನನ್ನ ಹೆಸರಿಡು ಅಂತ?"

ಮುಂದೆ ಅವಳ ಬಾಯಿಂದ ಬಂದದ್ದರ ಎದುರು ಬೆಳಗಿನ ಕೋಲ್ಬೇನ್ ಬರೀ ಶಿಷ್ಯ. "ಆ ಹೆಸರು ನನ್ನಜ್ಜಿದು ಕಣೋ. ಊರಿನ ನಾಯಿಗಳು ಅವಳ ಮನೆ ಮುಂದೆ ಬಾಲ ಮುದುರಿಕೊಂಡು ಹೋಗ್ತಿದ್ವು. ಅದನ್ನ ನಂಗಿಟ್ರು. ನಾನು ಯಾವತ್ತು ಬಾಯಿ ತೆರೆದ್ರೂ 'ಹೆಸರಿನ ಗುಣ' ಅಂದ್ರು. ನಂದೇ ಸಿಟ್ಟು ಅಂತ ಒಂದು ದಿನಾನೂ ಒಪ್ಪಲಿಲ್ಲ. ಈ ಹೆಸರು ನನ್ನ ಜೊತೇಲೇ ಮಣ್ಣಿಗೆ ಹೋಗ್ಲಿ ಅಂತಿದ್ದೆ."

"ಆದ್ರೆ ಅತ್ತೆ, ಪ್ರತಿ ನಾಮಕರಣದಲ್ಲೂ ನೀವು ಅಳ್ತಿದ್ರಂತೆ?" ಎಂದಳು ಸೋಲ್ವೇಗ್.

"ಸಮಾಧಾನಕ್ಕೆ ಅತ್ತಿದ್ದಮ್ಮ. ಇನ್ನೊಂದು ಕೂಸು ಪಾರಾಯ್ತು ಅಂತ. ಒಂದು ಮಾತು ಕೇಳೋದಲ್ವಾ ಇವನು?"

ಕೇಳುವ ಹಾಗಿರಲಿಲ್ಲ, ಹೆಸರು ಹೇಳುವ ಹಾಗೇ ಇರಲಿಲ್ಲವಲ್ಲ ಎಂದು ಕೋಲ್ಬೇನ್ ಬಾಯಿ ತೆರೆದ. ಶಬ್ದ ಬರಲಿಲ್ಲ. ಇನ್ನೊಮ್ಮೆ ತೆರೆದ. ಕೈಯಾಡಿಸಿದ.

"ಪಾದ್ರಿಯಮ್ಮ, ಹೆಸರು ವಾಪಸ್ ತಗೋಬಹುದಾ?" ಎಂದಳು ತೋರ್ಗೆರ್ದ.

"ನೀರು ಬಿದ್ದುಹೋಯ್ತಲ್ಲ ಅಮ್ಮ."

ತೋರ್ಗೆರ್ದ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ತಲೆಯೆತ್ತಿದಳು. "ಸರಿ. ಹೆಸರಲ್ಲಿ ಕೆಟ್ಟಿದ್ದನ್ನ ಸಾಕೋದ್ರಲ್ಲೇ ಸರಿಮಾಡ್ಬೇಕು. ಆ ಹೆಸರನ್ನ ಹೇಗೆ ಹೊರಬೇಕು ಅಂತ ನನ್ನ ಬಿಟ್ರೆ ಯಾರಿಗೆ ಗೊತ್ತು? ಇವತ್ತಿಂದ ನಾನಿಲ್ಲೇ ಇರ್ತೀನಿ. ಮಗುಗೆ ಐದು ವರ್ಷ ತುಂಬಲಿ, ಆಮೇಲೆ ನೋಡೋಣ."

ಮರುದಿನ ಬೆಳಗಿನ ಬಸ್ಸಿಗೆ ತನ್ನೂರಿಗೆ ಹೊರಡಲಿದ್ದ ಹಾಲ್ದೋರಾ ಮೂಲೆಯಿಂದ ಎದ್ದು ಬಂದಳು. "ಹಾಗಾದ್ರೆ ನಾನೂ ಹೋಗಲ್ಲ. ನಮ್ಮ ಕಡೆಯವರೂ ಒಬ್ರು ಬೇಡ್ವೇ? ದೊಡ್ಡ ಕೋಣೇಲಿ ನಾವಿಬ್ರು ಮಗು ಜೊತೆ ಇರ್ತೀವಿ. ಸೋಲ್ವೇಗ್ ಚಿಕ್ಕ ಕೋಣೇಲಿ ಮಲಗ್ಲಿ."

"ಇವನು?" ಎಂದಳು ತೋರ್ಗೆರ್ದ.

ಇಬ್ಬರು ಅಜ್ಜಿಯರೂ ಮೊದಲ ಬಾರಿಗೆ ಒಂದೇ ಅಭಿಪ್ರಾಯದಲ್ಲಿ ಅಡುಗೆಮನೆಯ ಬೆಂಚಿನ ಕಡೆ ನೋಡಿದರು.

ಕೋಲ್ಬೇನನ ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು. ಹೇಳಬೇಕಾದದ್ದು ಎದೆಯ ತುಂಬ ಇತ್ತು. ಬಾಯಿಂದ ಹೊರಟದ್ದು ತೂತುಬಿದ್ದ ಚಕ್ರದ ಸದ್ದಿನಂಥ ಒಂದು ಸಣ್ಣ ಉಸಿರು.

ಪಾದ್ರಿಯಮ್ಮ ಕೋಟು ಹಾಕಿಕೊಳ್ಳುತ್ತ ಅವನ ಭುಜ ತಟ್ಟಿದರು. "ಇಷ್ಟೆಲ್ಲ ಆದ್ರೂ ಒಂದು ಮಾತಾಡಲಿಲ್ಲ ನೀವು. ಎಂಥ ಶಾಂತ ಸ್ವಭಾವ. ಮಗುಗೂ ಅಪ್ಪನ ಗುಣವೇ ಬರಲಿ."