ಉನೈಜಾದ ಮರಳಲ್ಲಿ ಶುದ್ಧ ಕನ್ನಡ

ಅಜ್ಮಲನಿಗೆ ದಾರಿ ನೆನಪಿರುವುದಿಲ್ಲ ಎಂಬ ಸಂಗತಿ ಅರಬ್ ನಾಡಿನ ಉನೈಜಾದಲ್ಲಿದ್ದ ನಮ್ಮ ಕರಾವಳಿಯವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಅಜ್ಮಲ್ ಒಬ್ಬನೇ. ಹಿಂದಿನ ವರ್ಷದ ಹಬ್ಬಕ್ಕೆ ಖರ್ಜೂರದ ತೋಟದಲ್ಲಿ ಊಟವೆಂದು ನಾಲ್ಕಾರು ಗಾಡಿಗಳನ್ನು ಹಿಂದೆ ಕಟ್ಟಿಕೊಂಡು ಹೊರಟವನು, ಎಲ್ಲರನ್ನೂ ಒಂದು ಕೋಳಿ ಫಾರ್ಮಿನ ಹಿಂಬಾಗಿಲಿಗೆ ತಲುಪಿಸಿದ್ದ. ಗಾಡಿಯಿಂದಿಳಿದ, ನಮ್ಮೆಲ್ಲರಿಗೂ ಹಿರಿಯರಾದ ಅಂಗಡಿಯ ಬಾವ ಮೂಗು ಅರಳಿಸಿ, ಈ ಖರ್ಜೂರದ ತಳಿ ಯಾವುದೆಂದು ಕೇಳಿದ್ದರು. ಅಜ್ಮಲ್ ಆಗಲೂ ದಾರಿ ತಪ್ಪಿದ್ದನ್ನು ಒಪ್ಪಲಿಲ್ಲ. ತೋಟವೇ ಎದ್ದು ಎಲ್ಲಿಗೋ ಹೋಗಿಬಿಟ್ಟಿದೆ ಎಂಬಂತೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

ಇಂಥವನ ತಲೆಯಲ್ಲಿ 2014ರ ಚಳಿಗಾಲದಲ್ಲಿ ಒಂದು ಮಹತ್ತರ ಆಲೋಚನೆ ಉದಯಿಸಿತು. ಎಲ್ಲ ಸಂಸಾರಗಳೂ ಒಟ್ಟಾಗಿ, ಊರಾಚೆಯ ಮರಳುಗುಡ್ಡಗಳನ್ನು ಹತ್ತಿಳಿದು, ಅವುಗಳ ನಡುವಿನ ಹಳೇ ಬಾವಿಯ ತನಕ ಗಾಡಿ ಓಡಿಸಿಕೊಂಡು ಹೋಗುವುದು. ಅಲ್ಲಿ ಬಿರಿಯಾನಿ ಉಂಡು, ಆಚೆಯ ಹೆದ್ದಾರಿಗೆ ಇಳಿದು ಮನೆಗೆ ಬರುವುದು. ಈ ದಂಡಯಾತ್ರೆಯ ಮುಂದಿನ ಗಾಡಿಯಲ್ಲಿ ಅಜ್ಮಲ್. (ಉಳಿದದ್ದೆಲ್ಲ ಈ ಕೊನೆಯ ಸಾಲಿಗಾಗಿಯೇ ಹುಟ್ಟಿದ ಆಲೋಚನೆ ಎಂದು ಅವನ ಹೆಂಡತಿ ನಸೀಬಾ ಆಗಲೇ ಹೇಳಿದ್ದಳು.)

ಅಡ್ಡ ಬಂದವನು ಸುಹೈಲ್, ನಸೀಬಾಳ ತಮ್ಮ. ಪೈಪು ಕಂಪನಿಯ ಕೆಲಸದ ಮೇಲೆ ಆ ಮರಳಿನಲ್ಲಿ ವಾರಕ್ಕೊಮ್ಮೆ ತಿರುಗುವವನು. ಅವನೇ ಮುಂದಿರಲಿ ಎಂದು ಹೆಂಗಸರೆಲ್ಲ ಒಕ್ಕೊರಲಿನಿಂದ ಹೇಳಿದರು. ಅಜ್ಮಲನಿಗೆ ಇದು ಸಹಿಸಲಾಗದ ಮಾತು. ಭಾವಮೈದುನನ ಗಾಡಿಯ ಹಿಂಬದಿ ನೋಡುತ್ತ ಮರುಭೂಮಿ ದಾಟುವುದಕ್ಕಿಂತ ತಾನು ದುಡಿಯುವ ಪಂಪ್‌ಸೆಟ್ ಅಂಗಡಿಯಲ್ಲಿ ಓವರ್‌ಟೈಮ್ ಮಾಡುವುದೇ ಮೇಲು ಎಂದ. ಕೊನೆಗೆ ಬಾವ ತೀರ್ಪು ಕೊಟ್ಟರು. ಮಕ್ಕಳು ಬರುವ ಜಾಗ; ಮೊಬೈಲಿಗೆ ಸಿಗ್ನಲ್ ಇಲ್ಲ. ಅಜ್ಮಲ್ ಮೊದಲು ಒಮ್ಮೆ ತಾನೇ ಹೋಗಿ, ಬಾವಿಯ ಹತ್ತಿರ ಫೋಟೋ ತೆಗೆದುಕೊಂಡು ಬರಲಿ. ಬಂದರೆ ಅವನೇ ನಾಯಕ. ಬಾರದಿದ್ದರೆ ಸುಹೈಲ್.

ಗೆದ್ದೇ ಬಿಟ್ಟವನಂತೆ ಅಜ್ಮಲ್ ಅಲ್ಲೇ ಯಾತ್ರೆಯ ಕಾನೂನುಗಳನ್ನು ಘೋಷಿಸಿದ. ಅದರಲ್ಲಿ ಮುಖ್ಯವಾದದ್ದು, ಗಾಡಿಗೊಂದರಂತೆ ಕೊಡುವ ವಾಕಿಟಾಕಿಯನ್ನು ಓಡಿಸುವವರ ಹೊರತು ಯಾರೂ, ಅಂದರೆ ಹೆಂಗಸರು, ಮುಟ್ಟತಕ್ಕದ್ದಲ್ಲ. ಮುಟ್ಟಿದರೆ ಮೀನಿನ ಸಾರಿನ ಚರ್ಚೆ ಶುರುವಾಗಿ ದಾರಿ ತಪ್ಪುತ್ತದೆ.

"ನಮಗೆಂತಕ್ಕೆ ಅದು? ನೀವು ದಾರಿ ತಪ್ಪುವುದು ಕಿಟಕಿಯಿಂದಲೇ ಕಾಣ್ತದೆ," ಎಂದಳು ನಸೀಬಾ.

ಈ ನಸೀಬಾ ಮದುವೆಗೆ ಮೊದಲು ಬಂಟ್ವಾಳದ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದವಳು. ಮನೆಯಲ್ಲಿ ಗಂಡ ಹೆಂಡಿರ ಮಾತೆಲ್ಲ ಬ್ಯಾರಿ ಭಾಷೆಯಲ್ಲಿ, ಬೈಗುಳವೂ ಅದರಲ್ಲೇ. ಅವಳು ಟೀಚರಾಗಿದ್ದಳೆಂಬುದನ್ನು ಅಜ್ಮಲ್, ತನಗೆ ಅನುಕೂಲವಲ್ಲದ ಉಳಿದ ಸಂಗತಿಗಳ ಹಾಗೆ, ಎಂದೋ ಮರೆತಿದ್ದ.

ಶನಿವಾರ ಮಧ್ಯಾಹ್ನದ ನಮಾಜು ಮುಗಿಸಿ ಅಜ್ಮಲ್ ಹೊರಟ. ಜೊತೆಗೆ ಯೋಗೀಶ್. ಇವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಕಾರ್ಕಳದ ಕಡೆಯವನು. ಮೇಲಿನಿಂದ ಕಾಣದ್ದು ಒಳಗೆ ಇದ್ದೇ ಇರುತ್ತದೆ ಎಂಬುದು ಅವನ ಕಸುಬು ಕಲಿಸಿದ ನಂಬಿಕೆ. ಟಾರು ಮುಗಿದಲ್ಲಿ ಇಬ್ಬರೂ ಇಳಿದು, ಮರಳಿನಲ್ಲಿ ಹೂತುಹೋಗದಂತೆ ಚಕ್ರಗಳ ಗಾಳಿ ಅರ್ಧ ಬಿಟ್ಟರು. ಆ ಬುಸ್ಸೆಂಬ ಸದ್ದು ನಿಂತ ಮೇಲೆ ಉಳಿದ ಮೌನ ಎಂಥದ್ದೆಂದರೆ, ಯೋಗೀಶ್ ಅನವಶ್ಯಕವಾಗಿ ಒಮ್ಮೆ ಕೆಮ್ಮಿದ.

ಸ್ವಲ್ಪ ದೂರದವರೆಗೆ ಎಲ್ಲ ಸರಿಯಿತ್ತು. ಆಮೇಲೆ ಗಾಳಿ ಎದ್ದಿತು. ದೊಡ್ಡ ಗಾಳಿಯಲ್ಲ, ಮರಳಿನ ಮೇಲ್ಪದರ ಮಾತ್ರ ನೆಲಬಿಟ್ಟು ಮೊಣಕಾಲಿನ ಎತ್ತರಕ್ಕೆ ತೇಲುತ್ತ ಹೋಗುವಷ್ಟು. ಬಿಸಿಲು ಹಳದಿಯಾಗಿ, ಗುಡ್ಡಗಳಿಗೆ ಅಂಚುಗಳೇ ಇಲ್ಲವಾದವು. ಎಲ್ಲಿಂದಲೋ ಒಂದು ಗುಂಯ್ ಎಂಬ ಸದ್ದು ಬರತೊಡಗಿತು. ಕಿಟಕಿ ಏರಿಸಿದರೂ ಅದು ಕಡಿಮೆಯಾಗಲಿಲ್ಲ. ಸೀಟಿನ ಕೆಳಗಿನಿಂದ, ನೆಲದೊಳಗಿನಿಂದ ಬಂದು ಹಲ್ಲುಗಳಲ್ಲಿ ನಿಂತಿತು.

"ಇಂಜಿನ್ನಿನದ್ದಾ?" ಎಂದ ಯೋಗೀಶ್.

ಅಜ್ಮಲ್ ಇಂಜಿನ್ ಆರಿಸಿದ. ಸದ್ದು ನಿಲ್ಲಲಿಲ್ಲ. ಅವನು ಮತ್ತೆ ಇಂಜಿನ್ ಹಾಕಿ, ಹೌದು, ಇಂಜಿನ್ನಿನದ್ದೇ ಎಂದ.

ಎದುರಿನಲ್ಲಿ ಚಕ್ರದ ಗುರುತುಗಳು ನಾಲ್ಕು ದಿಕ್ಕಿಗೆ ಒಡೆದಿದ್ದವು. ಅಜ್ಮಲ್ ಗಾಡಿ ನಿಲ್ಲಿಸಿ ಗಡ್ಡ ಕೆರೆದುಕೊಂಡ. ಅವನ ಅಂತರಂಗ ಬಲಕ್ಕೆ ಎಂದಿತು. ಸ್ಟಿಯರಿಂಗ್ ಬಲಕ್ಕೆ ಹೊರಳಿಸುವಷ್ಟರಲ್ಲಿ ಮುಂದೆ ಇಟ್ಟಿದ್ದ ವಾಕಿಟಾಕಿ ಕರಕರ ಎಂದಿತು. ಆಮೇಲೆ ಬಹಳ ದೂರದಿಂದ, ಬಟ್ಟೆಯೊಳಗಿನಿಂದ ಮಾತಾಡಿದಂತೆ, ಒಂದು ಹೆಣ್ಣುದನಿ ಬಂತು.

"ದಯವಿಟ್ಟು ಎಡಕ್ಕೆ ತಿರುಗಿಸಿ."

ಇಬ್ಬರೂ ವಾಕಿಟಾಕಿಯನ್ನೇ ನೋಡಿದರು. ಉಳಿದವೆಲ್ಲ ಬಾವನ ಮನೆಯ ಕಪಾಟಿನಲ್ಲಿ ಬೀಗದೊಳಗಿವೆ ಎಂದು ಅಜ್ಮಲನ ಎಣಿಕೆ. ಅಲ್ಲದೆ, ಅದು ಅರಬಿಯಲ್ಲ, ಹಿಂದಿಯಲ್ಲ, ಅಂಗಡಿಗಳಲ್ಲಿ ಕೇಳುವ ಮಲಯಾಳವೂ ಅಲ್ಲ. ಶುದ್ಧ ಕನ್ನಡ. ಊರಿನಲ್ಲಿಯೂ ಯಾರೂ ಆಡದಂಥ, ಅಚ್ಚಿನಲ್ಲಿ ಮಾತ್ರ ಇರುವಂಥ ಕನ್ನಡ.

"ಯಾರು ಅದು?" ಎಂದು ಅಜ್ಮಲ್ ಗುಂಡಿ ಒತ್ತಿ ಕೇಳಿದ.

ಗುಂಯ್ ಎಂಬ ಸದ್ದು ಮಾತ್ರ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ, ಅದೇ ಸಮಾಧಾನ. "ಎಡಕ್ಕೆ. ಬಲಕ್ಕೆ ಹೋಗುವುದು ಕ್ಷೇಮವಲ್ಲ."

ಹನ್ನೊಂದು ವರ್ಷದ ಸಂಸಾರದಲ್ಲಿ ಹೆಂಡತಿ ಎಡಕ್ಕೆ ಎಂದಾಗಲೆಲ್ಲ ಬಲಕ್ಕೆ ತಿರುಗಿದ್ದ ವೀರ ಅಜ್ಮಲ್, ಈ ದನಿಗೆ ಒಂದು ಅಡ್ಡಮಾತಾಡದೆ ಎಡಕ್ಕೆ ತಿರುಗಿಸಿದ. ತನಗೆ ಬರುವ ಕುರಾನಿನ ಆಯತುಗಳನ್ನೆಲ್ಲ ಮನಸ್ಸಿನಲ್ಲೇ ಓದತೊಡಗಿದ. ಅದು ನಸೀಬಾಳ ದನಿಯಿರಬಹುದೆಂಬ ಸಂಶಯ ಅವನಿಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಆ ದನಿ ಬೈಯುತ್ತಿರಲಿಲ್ಲ.

"ನಮ್ಮ ಕಡೆಯವಳೇ ಯಾರೋ ಇಲ್ಲಿ ತೀರಿಕೊಂಡಿದ್ದಾಳೆ ಮಾರಾಯ," ಎಂದ ಯೋಗೀಶ್ ಮೆಲ್ಲಗೆ. "ಯಾರೋ ನರ್ಸೋ ಏನೋ. ಊರಿನ ಮಣ್ಣು ಸಿಗಲಿಲ್ಲ ಅವಳಿಗೆ. ನಮ್ಮ ಭಾಷೆ ಕೇಳಿ ಎದ್ದು ಬಂದಿದ್ದಾಳೆ."

"ನೀನು ಬಾಯಿ ಮುಚ್ಚು."

"ನಾನು ಮುಚ್ತೇನೆ. ಅವಳು?"

ಪೊದೆ ಪೊದೆಯಾಗಿ ಬೆಳೆದ, ಘಾದಾ ಎಂಬ ಮರಳುಗಾಡಿನ ಗಿಡಗಳು ಎದುರಾದವು. ಮಬ್ಬಿನಲ್ಲಿ ಅವು ಕಪ್ಪು ಬಟ್ಟೆ ಹೊದ್ದು ಕುಕ್ಕರುಗಾಲಿನಲ್ಲಿ ಕೂತ ಹೆಂಗಸರಂತೆ ಕಾಣುತ್ತಿದ್ದವು. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಮೊದಲಿಗಿಂತ ಹತ್ತಿರ ಇದ್ದ ಹಾಗೆ ಅನಿಸಿತು. ಅಜ್ಮಲ್ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟ. ದನಿ ಹೇಳಿತು, ಬಲಕ್ಕೆ, ನಿಧಾನವಾಗಿ ಚಲಿಸಿ. ಅವನು ನಿಧಾನವಾಗಿ ಚಲಿಸಿದ.

ಆಮೇಲೆ ಒಂದು ಹಳೆಯ ಪಿಕಪ್ಪು ಸಿಕ್ಕಿತು. ಅರ್ಧ ಮರಳಿನಲ್ಲಿ ಮುಳುಗಿ, ಬಾಗಿಲುಗಳಿಲ್ಲದೆ, ತುಕ್ಕು ಹಿಡಿದು ನಿಂತಿತ್ತು. ಅದರ ಸೀಟಿನ ಮೇಲೂ ಮರಳು ತುಂಬಿತ್ತು. ಆ ಮರಳಿನಲ್ಲಿ, ಯಾರೋ ಇಷ್ಟು ಹೊತ್ತು ಕೂತಿದ್ದು ಈಗಷ್ಟೇ ಎದ್ದುಹೋದ ಹಾಗೆ ಒಂದು ತಗ್ಗು. "ಇಲ್ಲಿಂದ ನೇರವಾಗಿ ಮುಂದುವರಿಯಿರಿ. ತಮ್ಮ ಪ್ರಯಾಣ ಸುಖ..." ಎಂದ ದನಿ ಅಲ್ಲಿಗೇ ತುಂಡಾಯಿತು. ಅಜ್ಮಲನಿಗೆ ಆ ಅರ್ಧ ಮಾತಿಗಿಂತ, ಅದು ಪೂರ್ತಿಯಾಗದೆ ಉಳಿದದ್ದೇ ಹೆಚ್ಚು ಭಯ ಹುಟ್ಟಿಸಿತು.

ನೇರವಾಗಿ ಹೋದರು. ಒಂದು ದೊಡ್ಡ ಗುಡ್ಡ ಅಡ್ಡ ಬಂತು. ಏರಬೇಕಾದರೆ ವೇಗ ಬೇಕು; ಅಜ್ಮಲ್ ಬಿಸ್ಮಿಲ್ಲಾ ಎಂದು ಪೂರ್ತಿ ತುಳಿದ. ಗಾಡಿ ಮೂಗು ಆಕಾಶಕ್ಕೆತ್ತಿ ಏರಿತು. ಗಾಜಿನ ತುಂಬ ಬರೀ ಹಳದಿ ಆಕಾಶ. ನೆತ್ತಿ ಇನ್ನೇನು ಬಂತೆನ್ನುವಾಗ, ಕರಕರ ಎನ್ನದೆ, ಕಿವಿಯ ಪಕ್ಕದಲ್ಲೇ ಎಂಬಷ್ಟು ಸ್ಪಷ್ಟವಾಗಿ ಬಂತು.

"ನಿಲ್ಲಿಸಿ."

ಅಜ್ಮಲನ ಕಾಲು ಅವನನ್ನು ಕೇಳದೆ ಬ್ರೇಕು ಒತ್ತಿತು. ಇಬ್ಬರೂ ಇಳಿದು ನಾಲ್ಕು ಹೆಜ್ಜೆ ಮುಂದೆ ಹೋದರು. ಅಲ್ಲಿ ಗುಡ್ಡವೇ ಇರಲಿಲ್ಲ. ಆಚೆಯ ಬದಿಯನ್ನು ಗಾಳಿ ಕೊರೆದುಕೊಂಡು ಹೋಗಿ, ತೆಂಗಿನ ಮರದ ಎತ್ತರದ ಪ್ರಪಾತ ಬಾಯಿ ತೆರೆದಿತ್ತು. ಅಂಚಿನ ಮರಳು ಸಣ್ಣಗೆ ಜಾರುತ್ತಿತ್ತು, ಆ ಗುಂಯ್ ಎಂಬ ಸದ್ದು ಅಲ್ಲಿಂದಲೇ ಬರುತ್ತಿತ್ತು. ಅಜ್ಮಲನಿಗೆ ಮಗಳು ಹಿಬಾಳ ಮುಖ ನೆನಪಾಯಿತು. ಅವನು ಅಲ್ಲೇ ಕೂತುಬಿಟ್ಟ.

ಸುತ್ತಿ ಬಳಸಿ ಇಳಿದರೆ ಬಾವಿ ಅಲ್ಲೇ ಇತ್ತು. ಫೋಟೋ ತೆಗೆದರು. ಫೋಟೋದಲ್ಲಿ ಇಬ್ಬರೂ ಶವದ ಹಾಗೆ ಬಿಳಿಚಿಕೊಂಡಿದ್ದರೂ ನಾಯಕತ್ವಕ್ಕೆ ಅದು ಅಡ್ಡಿಯಾಗಲಿಲ್ಲ. ಆಚೆಯ ಹೆದ್ದಾರಿ ಹಿಡಿದು, ಹೊತ್ತು ಮುಳುಗುವಷ್ಟರಲ್ಲಿ ಮನೆ ಸೇರಿದಾಗ ನಸೀಬಾ ಏನೂ ಅರಿಯದವಳಂತೆ ಚಹಾ ಸೋಸುತ್ತಿದ್ದಳು.

"ದಾರಿ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

"ಮರುಭೂಮಿ ನನ್ನ ಹತ್ರ ಮಾತಾಡ್ತದೆ," ಎಂದ ಅಜ್ಮಲ್.

"ಹೌದಾ? ಎಂತ ಹೇಳ್ತದೆ?"

ಅದೆಲ್ಲ ಹೆಂಗಸರಿಗೆ ಅರ್ಥವಾಗದು ಎಂದು ಅಜ್ಮಲ್ ಚಹಾದ ಲೋಟ ಎತ್ತಿಕೊಂಡ. ಯೋಗೀಶ್ ಮಾತ್ರ ಮರುದಿನ ಬಾವನ ಅಂಗಡಿಗೆ ಹೋಗಿ, ಜುಟ್ಟಿರುವ ತೆಂಗಿನಕಾಯಿ ಇದೆಯೇ ಎಂದು ವಿಚಾರಿಸಿದ.

ಆ ವಾರವೆಲ್ಲ ಅಜ್ಮಲ್ ಕಂಡಕಂಡವರಿಗೆ ತನ್ನ ಸಾಹಸವನ್ನು ಬಣ್ಣಿಸಿದ, ದನಿಯೊಂದನ್ನು ಬಿಟ್ಟು. ಆದರೆ ಮಲಗಿದರೆ ಒಂದೇ ಚಿಂತೆ. ಎಲ್ಲಿ ಎಡ, ಎಲ್ಲಿ ಬಲ, ಒಂದೂ ನೆನಪಿರಲಿಲ್ಲ. ಮೊದಲು ಆ ದನಿ ಮತ್ತೆ ಬಂದರೆ ಗತಿಯೇನು ಎಂದು ಹೆದರುತ್ತಿದ್ದವನು, ಗುರುವಾರದ ಹೊತ್ತಿಗೆ ಬಾರದಿದ್ದರೆ ಗತಿಯೇನು ಎಂದು ಹೆದರತೊಡಗಿದ. ಸುಹೈಲನನ್ನು ಕೇಳಬಹುದಿತ್ತು. ಕೇಳುವ ಬಾಯಿ ಅವನಿಗಿರಲಿಲ್ಲ.

ಶುಕ್ರವಾರ ಜುಮಾ ಮುಗಿದ ಮೇಲೆ ಗಾಡಿಗಳು ಸಾಲಾಗಿ ಹೊರಟವು. ಮುಂದೆ ಅಜ್ಮಲ್, ಪಕ್ಕದಲ್ಲಿ ನಸೀಬಾ, ಹಿಂದಿನ ಸೀಟಿನಲ್ಲಿ ಹಿಬಾ ಮತ್ತು ಬಿರಿಯಾನಿಯ ದೇಕ್ಚಿ. ನಡುವೆ ಬಾವ ಮತ್ತಿತರರು, ಬಾಲದಲ್ಲಿ ಸುಹೈಲ್. ಯೋಗೀಶನ ಗಾಡಿಯಲ್ಲಿ ಜುಟ್ಟಿನ ಕಾಯಿ ಭದ್ರವಾಗಿ ಕೂತಿತ್ತು. ಚಕ್ರದ ಗಾಳಿ ಬಿಟ್ಟು ಮರಳಿಗಿಳಿದರು. ವಾರದ ಗಾಳಿಗೆ ಹಳೆಯ ಗುರುತೆಲ್ಲ ಅಳಿಸಿಹೋಗಿ ನೆಲ ಹೊಸದಾಗಿ ಹಾಸಿದಂತಿತ್ತು. ಮತ್ತೆ ಆ ಗುಂಯ್ ಸದ್ದು ಎದ್ದಿತು. ಅಜ್ಮಲ್ ಗಾಡಿ ನಿಲ್ಲಿಸಿದ.

ಹಿಂದೆ ಎಲ್ಲ ಗಾಡಿಗಳೂ ನಿಂತವು. ಎಂತ ಅಜ್ಮಲ್, ಯಾಕೆ ನಿಂತಿತು ಎಂದು ಬಾವ ವಾಕಿಟಾಕಿಯಲ್ಲಿ ಕೇಳಿದರು. ಅಜ್ಮಲನ ಕಿವಿಯೆಲ್ಲ ಆ ದನಿಯ ಕಡೆಗೆ. ಅವನು ಕಾಯುತ್ತಿದ್ದ. ಹಿಂದೆ ಮಕ್ಕಳು ಹಾರನ್ ಒತ್ತತೊಡಗಿದವು. ಇಂಥ ಜಾಗದಲ್ಲಿ ಇಷ್ಟು ಸಂಸಾರಗಳನ್ನು ತಂದು ನಿಲ್ಲಿಸಿದ್ದೇನೆ, ಆ ಪ್ರಪಾತ ಎಲ್ಲಿದೆ ಎಂದು ತನಗೆ ಗೊತ್ತಿಲ್ಲ ಎಂಬ ಯೋಚನೆಗೆ ಅವನ ಕುತ್ತಿಗೆಯಲ್ಲಿ ಬೆವರಿಳಿಯಿತು. ಮಾನ ಹೋದರೆ ಹೋಗಲಿ, ಮಕ್ಕಳು ಬದುಕಲಿ ಎಂದು ವಾಕಿಟಾಕಿ ಎತ್ತಿದ. ತನಗೆ ಬರುವ ಅತ್ಯುತ್ತಮ ಕನ್ನಡವನ್ನು ಕಲೆಹಾಕಿ, ಹೆಂಡತಿಗೆ ಕೇಳಿಸದಂತೆ ಕಿಟಕಿಯ ಕಡೆ ತಿರುಗಿ ಪಿಸುಗುಟ್ಟಿದ.

"ಅಮ್ಮಾ, ತಾವು ಇದ್ದೀರಾ? ದಯವಿಟ್ಟು ಯಾವ ಕಡೆಗೆ ತಿರುಗಿಸಲಿ?"

ಪಕ್ಕದಲ್ಲಿದ್ದ ಹೆಂಡತಿಗೆ ಕೇಳದಂತೆ ಹೇಳಿದ್ದು, ಹಿಂದಿನ ಎಲ್ಲ ಗಾಡಿಗಳಿಗೂ ಕಿವಿಗಿಟ್ಟ ಹಾಗೆ ಕೇಳಿಸಿತು. ಹಾರನ್‌ಗಳು ನಿಂತವು. ವಾಕಿಟಾಕಿಯಿಂದ ಏನೂ ಬರಲಿಲ್ಲ. ಪಕ್ಕದ ಸೀಟಿನಿಂದ ಬಂತು. ಓಢಣಿಯ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಸೀಬಾ, ಸಭೆಗೆ ಸ್ವಾಗತ ಕೋರುವ ದನಿಯಲ್ಲಿ ಹೇಳಿದಳು.

"ದಯವಿಟ್ಟು ಎಡಕ್ಕೆ ತಿರುಗಿಸಿ. ವಾಕಿಟಾಕಿಯನ್ನು ಹೆಂಗಸರು ಮುಟ್ಟುವಂತಿಲ್ಲ, ಆದ್ದರಿಂದ ಇಲ್ಲಿಂದಲೇ ತಿಳಿಸುತ್ತಿದ್ದೇನೆ."

ಅಜ್ಮಲನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಆದ್ದರಿಂದ ಇದೂ ಎಲ್ಲರಿಗೂ ಕೇಳಿಸಿತು. ಬಾವ ನಕ್ಕದ್ದು ವಾಕಿಟಾಕಿ ಇಲ್ಲದೆಯೇ ಕೇಳಿಸಿತು.

ಸಂಗತಿ ಇಷ್ಟೇ. ಆ ಶನಿವಾರ ನಸೀಬಾ ಮನೆಯಲ್ಲಿ ಕೂರಲಾರದೆ ತಮ್ಮನ ಗಾಡಿ ಹತ್ತಿ, ಬಾವನಿಂದ ಹೆಚ್ಚಿನ ವಾಕಿಟಾಕಿಯೊಂದನ್ನು ಕೇಳಿ ಪಡೆದು, ಗುಡ್ಡಗಳ ಮರೆಯಲ್ಲಿ ಗಂಡನ ಹಿಂದೆಯೇ ಬಂದಿದ್ದಳು. ಸುಹೈಲ್ ದಾರಿ ಹೇಳುವುದು, ಇವಳು ನುಡಿಯುವುದು. ಸುಹೈಲನ ದನಿಯಾದರೆ ಗಂಡ ಹಟಕ್ಕೆ ಬಿದ್ದು ಬಲಕ್ಕೇ ಹೋಗುತ್ತಿದ್ದ. ಮೈಕಿನಂಥದ್ದು ಕೈಗೆ ಬಂದೊಡನೆ ಅವಳ ಬಾಯಲ್ಲಿ ಬ್ಯಾರಿ ಭಾಷೆ ನಿಂತು ಶಾಲಾ ವಾರ್ಷಿಕೋತ್ಸವದ ಕನ್ನಡ ತಾನಾಗಿ ಬಂದಿತ್ತು. (ನಮ್ಮ ಕಡೆ ಇದು ಎಲ್ಲರಿಗೂ ಇರುವ ಕಾಯಿಲೆ.)

"ನಾನೇ ಅಂತ ಹೇಳಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು," ಎಂದಳು ನಸೀಬಾ, ಈಗ ತನ್ನ ಮಾಮೂಲಿ ದನಿಯಲ್ಲಿ. "ನೀವು ಬಾರದಿದ್ರೆ ನಾನೆಂತ ಮಾಡುವುದು? ಒಬ್ಬರೇ ಇರುವುದಲ್ವಾ ನನಗೆ."

ಅಜ್ಮಲನಿಗೆ ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಬಂದವು. ಆ ಗುಡ್ಡದ ನೆತ್ತಿಯಲ್ಲಿ ನೀನು ನಿಲ್ಲಿಸಿ ಎನ್ನದಿದ್ದರೆ ಇವತ್ತು ನಾನಿರುತ್ತಿರಲಿಲ್ಲ ಎಂದ.

"ನಿಲ್ಲಿಸಿ ಅಂತ ನಾನು ಯಾವಾಗ ಹೇಳಿದೆ?"

ಆ ಹೊತ್ತಿಗೆ ಸುಹೈಲ್ ನಡೆದುಕೊಂಡು ಕಿಟಕಿಯ ಹತ್ತಿರ ಬಂದಿದ್ದ. ಪಿಕಪ್ಪಿನ ಹತ್ತಿರವೇ ತಮ್ಮ ವಾಕಿಟಾಕಿಯ ಚಾರ್ಜು ಮುಗಿದಿತ್ತು, ಇನ್ನು ನೇರ ದಾರಿಯಲ್ಲವೇ ಎಂದು ಹಿಂದಕ್ಕೆ ತಿರುಗಿದೆವು ಎಂದ. ನೀವು ಗುಡ್ಡ ಏರುವ ಹೊತ್ತಿಗೆ ನಾವು ಟಾರಿನ ಕಡೆಗೆ ಎಷ್ಟೋ ದೂರ ಹೋಗಿದ್ದೆವು. ಅಲ್ಲದೆ ಅಲ್ಲಿ ಪ್ರಪಾತವೇ ಇರಲಿಲ್ಲ ಭಾವ. ಅದಕ್ಕೂ ಹಿಂದಿನ ವಾರ ನಾನೇ ಆ ಗುಡ್ಡದ ಮೇಲಿಂದ ಇಳಿದು ಹೋಗಿದ್ದೆ.

ನೆಲದೊಳಗಿನ ಆ ಸದ್ದು ಒಮ್ಮೆ ಏರಿ ಇಳಿಯಿತು. ಯೋಗೀಶ್ ಗಾಡಿಯಿಂದಿಳಿದು ಹೋಗಿ, ಮರಳಿನ ಮೇಲೆ ಜುಟ್ಟಿನ ಕಾಯಿಯನ್ನು ಮೆಲ್ಲಗೆ ಇಟ್ಟು ಬಂದ. ಯಾರೂ ಅವನನ್ನು ತಮಾಷೆ ಮಾಡಲಿಲ್ಲ. ಅಜ್ಮಲ್ ತಾನಾಗಿಯೇ ಗಾಡಿಯನ್ನು ಬದಿಗೆ ಸರಿಸಿ ಸುಹೈಲನಿಗೆ ದಾರಿ ಬಿಟ್ಟ. ಬಾವಿಯವರೆಗೂ ಭಾವಮೈದುನನ ಗಾಡಿಯ ಹಿಂಬದಿ ನೋಡುತ್ತಲೇ ಹೋದ. ಅಷ್ಟು ಸುಂದರವಾದ ಹಿಂಬದಿಯನ್ನು ತಾನು ಕಂಡೇ ಇಲ್ಲ ಎಂದು ಆಮೇಲೆ ಹೇಳಿದನಂತೆ.

ಈಗ ಉನೈಜಾದ ಯಾವ ಬೀದಿಯಲ್ಲಿಯಾದರೂ ಸರಿ, ಹೆಣ್ಣುದನಿಯೊಂದು ಎಡಕ್ಕೆ ಎಂದರೆ ಅಜ್ಮಲ್ ಎಡಕ್ಕೆ ತಿರುಗಿಬಿಡುತ್ತಾನೆ. ಹೇಳಿದ್ದು ಹೆಂಡತಿಯೇ ಹೌದೋ ಎಂದು ಪಕ್ಕಕ್ಕೆ ನೋಡುವುದು ಆಮೇಲೆ.