ಖಾಲಿ ಲಾರಿ ಓಡಬಾರದು

ಲಾರಿಗೆ ದಾರಿ ಗೊತ್ತು ಮಾಡುವುದು ಗಂಭೀರವಾದ ಕೆಲಸ. ಆದರೆ ನಾನು ಗೊತ್ತು ಮಾಡಿದ ದಾರಿಯಲ್ಲೆಲ್ಲ ನಗುವಂಥದ್ದೇ ನಡೆಯುತ್ತದೆ. ಮೊದಲು ಸ್ವಲ್ಪ ಬಿಡಿಸಿ ಹೇಳಿಬಿಡುತ್ತೇನೆ.

ವಿಜಯಪುರದ ನಮ್ಮ ಕಟ್ಟಿಗೆ ಅಡ್ಡೆಗೆ ತಿಕೋಟಾ, ಬಬಲೇಶ್ವರ ಕಡೆಯ ಹೊಲಗಳಿಂದ ಬೇವು, ಜಾಲಿಯ ದಿಮ್ಮಿ ಬರುತ್ತದೆ. ಕೊಯ್ದ ಹಲಗೆ ಅದೇ ಊರುಗಳಿಗೆ ಹೋಗುತ್ತದೆ. ದಿಮ್ಮಿಗೊಂದು ಲಾರಿ, ಹಲಗೆಗೊಂದು ಲಾರಿ. ಅಂದರೆ ಎರಡೂ ಅರ್ಧ ದಾರಿ ಖಾಲಿ. ಅಂದರೆ ಬರೀ ಗಾಳಿ ಹೇರಿಕೊಂಡು ಹೊಗೆ ಬಿಡುತ್ತಿದ್ದವು. ಒಂದೇ ಲಾರಿ ಹಲಗೆ ಒಯ್ದು ದಿಮ್ಮಿ ತಂದರೆ ಡೀಸೆಲ್ಲೂ ಉಳಿಯುತ್ತದೆ, ಹೊಗೆಯೂ ಕಡಿಮೆ ಎಂದು ಮಾಲಕರಿಗೆ ಹೇಳಿದೆ.

"ಒಂದ ವಾರ ನೋಡ್ತೀನಿ. ಒಮ್ಮಿ ಖಾಲಿ ಬಂತಂದ್ರೂ ಹಳೇ ಪದ್ಧತಿನ. ನೀ ಮತ್ತ ಕಾಟಾದ ಮುಂದ ಕುಂದರು," ಎಂದರು.

ಕಾಟಾ ಎಂದರೆ ತೂಕದ ಯಂತ್ರ, ನನ್ನ ಹಳೆಯ ಕೆಲಸದ ಜಾಗ. ಅದರ ಮುಂದೆ ಇನ್ನು ಕೂರುವುದಿಲ್ಲ ಎಂದು ಹಟ ತೊಟ್ಟೆ.

ಹೊಲಕ್ಕೊಂದು ಊಟ

ತಿಕೋಟಾ ಕಡೆಯ ಬಿಜ್ಜರಗಿಯ ಮೂರು ಹೊಲಗಳ ದಿಮ್ಮಿಯನ್ನು ಒಂದೇ ಸುತ್ತಿನಲ್ಲಿ ಎತ್ತಿಸುವ ಯೋಜನೆ ಹಾಕಿದೆ. ಹೇರಲು ಬಂದವರನ್ನು ಅಲ್ಲಿ ಉಣ್ಣಿಸದೆ ಕಳಿಸುವುದಿಲ್ಲ ಎಂಬುದು ಯೋಜನೆಯಲ್ಲಿ ಇರಲಿಲ್ಲ. ಮೂರನೆಯ ಹೊಲದಿಂದ ಡ್ರೈವರ್ ಫೋನ್ ಮಾಡಿದ: "ದಿಮ್ಮಿ ಹೇರಿ ಆತ್ರಿ ಸರ್. ಈಗ ನನ್ನನ್ನ ಸೀಟಿನ ಮ್ಯಾಲ ಹೇರೂ ಮಂದೀನ ಹುಡಕಾಕತ್ತೇನಿ."

ಅಡ್ಡದಾರಿ

ಮರುದಿನ ಹತ್ತಿರದ ದಾರಿ ತೋರಿಸಿದೆ. ಅಲ್ಲಿ ಡಾಂಬರಿನ ಮೇಲೆ ಒಬ್ಬ ಅಜ್ಜಿ ತೊಗರಿ ಹರವಿದ್ದಳು. ಹಾಯುವ ಗಾಡಿಗಳ ಗಾಲಿಯೇ ಕಾಳು ಬಿಡಿಸಲಿ ಎಂದು. ನಮ್ಮ ಲಾರಿ ಹಾಯ್ದದ್ದೇ ಡ್ರೈವರನನ್ನು ಕೂಗಿದಳು:

"ಯಪ್ಪಾ, ಮುಂಜಾನಿಂದ ಬರೇ ಬೈಕ್ ಹಾಯಾಕತ್ತಾವ. ಇಂಥಾ ಗಾಲಿ ಈಗ ಸಿಕ್ಕಾವು. ಹಿಂದಕ್ಕ ಹೋಗಿ ಮತ್ತ ಬಾ!"

ಸಂಜೆ ಡ್ರೈವರನನ್ನು ಕೇಳಿದೆ: "ಅಷ್ಟ ಸಣ್ಣ ದಾರಿಗೆ ಇಷ್ಟು ಡೀಸೆಲ್ ಯಾಕ ಹೋತೋ?"

"ದಾರಿ ಸಣ್ಣದ ಇತ್ರಿ. ಅಜ್ಜಿ ತೊಗರಿ ಭಾಳ ಇತ್ತು."

ವಾರದ ಕೊನೆಗೆ

ಕೊನೆಯ ದಿನ ಹಲಗೆ ಇಳಿಸಿದ ಲಾರಿ ಬಬಲೇಶ್ವರದಲ್ಲಿ ನಿಂತಿತ್ತು. ದಿಮ್ಮಿ ಇಲ್ಲ. ಅಂದು ಎಳ್ಳಮಾವಾಸ್ಯೆ, ರೈತರೆಲ್ಲ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲದಲ್ಲಿದ್ದರು. ಅಂದು ಕೊಡಲಿ ಮುಟ್ಟುವವರು ಯಾರು? ಆ ದಿನವೇ ನನಗೆ ಮರೆತುಹೋಗಿತ್ತು.

"ಏನರೆ ಹೇರ್ಕೊಂಡು ಬಾ. ಖಾಲಿ ಮಾತ್ರ ಬರಬ್ಯಾಡ," ಎಂದು ಡ್ರೈವರನಿಗೆ ಫೋನಿನಲ್ಲಿ ಹೇಳಿದೆ.

ಸಂಜೆ ಮಾಲಕರು ಗೇಟಿನಲ್ಲೇ ನಿಂತಿದ್ದರು. ಲಾರಿ ತುಂಬಿ, ತಾಡಪತ್ರಿ ಹೊದ್ದು ಬಂತು. "ಭೇಷ್! ನಿನ್ನ ದಾರಿನ ಕಾಯಂ," ಎಂದು ನನ್ನ ಬೆನ್ನು ತಟ್ಟಿದರು.

ತಾಡಪತ್ರಿ ಸರಿಸಿದರೆ ಮಂಚ, ಟ್ರಂಕು, ಬೀಸುವ ಕಲ್ಲು. ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದು ಮಾಲಕರ ಬಬಲೇಶ್ವರದ ಅತ್ತೆ ಇಳಿದರು.

ಡ್ರೈವರ್ ವಿವರಿಸಿದ: "ಖಾಲಿ ಲಾರಿ ಸಿಕ್ಕ ಕೂಡ್ಲೆ ಕರಿಸ್ಕೋತೀನಿ ಅಂತ ಅವ್ವಾರಿಗೆ ನೀವ ಫೋನಿನ್ಯಾಗ ಹೇಳ್ತಿದ್ರಲ್ರಿ ಮಾಲಕರ. ಅವ್ವಾರು ಸಾಮಾನು ಕಟ್ಟಿ ಕುಂತಿದ್ರು."

ಮಾಲಕರು ನನ್ನ ಕಿವಿಗೆ ಬಾಯಿ ಇಟ್ಟು ಕೇಳಿದರು: "ನಾಳೆ ಬಬಲೇಶ್ವರಕ್ಕ ಲಾರಿ ಹೋಗತೈತಿ ಹೌದಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಟ್ರಂಕಿನ ಮೇಲೆ ಕೂತು ಹೇಳಿದರು: "ಡ್ರೈವರ್ ಎಲ್ಲಾ ಹೇಳ್ಯಾನ್ರಿ ಅಳಿಯಾರ. ಹೋಗೂಮುಂದ ಹಲಗಿ ತುಂಬಿರತೈತಂತ. ಇನ್ನ ನನಗ ಜಾಗಾ ಎಲ್ಲೈತ್ರಿ?"