ಕಮಲಾಪುರ ದಾರಿಯ ಸೇತುವೆ ದರ್ಶನ

ಆ ದಿನ ಬೆಳಿಗ್ಗೆ ಹಲ್ಲುಜ್ಜುತ್ತಲೇ ಚಂದ್ರಶಾ ಒಂದು ಘನವಾದ ನಿರ್ಧಾರ ಮಾಡಿಬಿಟ್ಟ. ಹೆಂಡತಿಯ ತಂಗಿ ಪ್ರಿಯದರ್ಶಿನಿಯ ಕುಬಸಕ್ಕೆ ಕಮಲಾಪುರಕ್ಕೆ ಹೋಗುವುದು ಹೇಗೂ ಇದ್ದದ್ದೇ. ಬಸುರಿಗೆ ಹಸಿರು ಸೀರೆ ಉಡಿಸಿ, ಹೋಳಿಗೆ ತಿಂದು, ತೇಗಿ ಬರುವುದನ್ನು ಯಾರು ಬೇಕಾದರೂ ಮಾಡಿಯಾರು! ಚಂದ್ರಶಾ ಹಾಗಲ್ಲ. ಕಲಬುರಗಿಯಿಂದ ಕಮಲಾಪುರದವರೆಗೆ ನೋಡಲೇಬೇಕಾದ ಸೇತುವೆಗಳನ್ನೆಲ್ಲ ಅತ್ತೆ ದುಂಡಮ್ಮನಿಗೆ ಒಂದೊಂದಾಗಿ ತೋರಿಸಿ, ಆಕೆಯ ಬಾಯಿಂದ "ಭೇಷ್" ಅನ್ನಿಸಿಯೇ ಬಿಡುವವ!

ಇದಕ್ಕೆಲ್ಲ ಕಾರಣ ಹಿಂದಿನ ಸಂಜೆಯ ಚಹಾ. ಜೇವರ್ಗಿಯಿಂದ ಬಂದಿಳಿದ ದುಂಡಮ್ಮ, ಕಲಬುರಗಿಯ ಸೇಡಂ ರಸ್ತೆಯ ಅಳಿಯನ ಮನೆಯಲ್ಲಿ ಕಾಲು ಚಾಚಿ ಕೂತು, ಬಶಿಯಲ್ಲಿ ಚಹಾ ಊದುತ್ತ ಒಂದು ಮಾತು ಬಿಟ್ಟಿದ್ದಳು.

"ಭೀಮಾ ಮ್ಯಾಲಿನ ಸೇತುವಿ ದಾಟಿ ಬರೋದಂದ್ರ ಕಣ್ಣಿಗಿ ಹಬ್ಬ ನೋಡ್ರಿ. ನಿಮ್ಮ ಕಮಲಾಪುರ ಹಾದ್ಯಾಗ ಏನದ್ರಿ ಅಳಿಯಂದ್ರ? ಬರೇ ಮೋರಿ!"

ಮೋರಿ! ಬೇರೆ ಅಳಿಯನಾಗಿದ್ದರೆ ಈ ಮಾತು ಚಹಾದ ಜೊತೆಗೇ ಗಂಟಲಿಳಿದು ಹೋಗುತ್ತಿತ್ತು. ಆದರೆ ಚಂದ್ರಶಾ ಕಪನೂರಿನಲ್ಲಿ ಸಿಮೆಂಟ್ ಪೈಪು ಮಾಡುವ ಒಂದು ಕಾರ್ಖಾನೆಯ ಸೂಪರ್‌ವೈಸರ್. ರಸ್ತೆಯ ಅಡಿ ಹಳ್ಳದ ನೀರು ಹಾಯಲೆಂದು ಹಾಕುವ ದೊಡ್ಡ ದೊಡ್ಡ ಪೈಪುಗಳು ಅವನ ಕಣ್ಣೆದುರೇ ಒಣಗಿ, ಲಾರಿ ಏರಿ ಹೋದಂಥವು. ಮಗಳನ್ನು ಗಂಡನ ಮನೆಗೆ ಕಳಿಸಿದ ತಂದೆಯ ಹಾಗೆ, ಯಾವ ಪೈಪು ಎಲ್ಲಿ ಸೇರಿತು, ಹೇಗಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು.

"ಮೋರಿ ಅಲ್ರಿ ಅತ್ತಿ, ಸೇತುವಿ! ಸೇತುವಿ ನೋಡಾಕ ಮಂದಿ ದೇಶ ದೇಶ ತಿರಗತಾರ. ನಮ್ಮ ಸೇತುವಿ ನಾಳಿ ನಾ ತೋರಸ್ತೀನಿ!"

"ಖರೇನ ಸೇತುವಿ ಅಂತೀರಿ?" ದುಂಡಮ್ಮ ಬಶಿ ಕೆಳಗಿಟ್ಟು ಕೇಳಿದಳು.

"ಖರೇ ಅಂದ್ರ ಖರೇ!"

ಹೆಂಡತಿ ಗುರುದೇವಿ ಒಳಗಿನಿಂದಲೇ ನಿಟ್ಟುಸಿರು ಬಿಟ್ಟಳು. ಗಂಡ "ಖರೇ" ಎಂದು ಎರಡು ಸಲ ಹೇಳಿದರೆ ಏನಾದರೊಂದು ಆಗಿಯೇ ಆಗುತ್ತದೆ ಎಂಬುದು ಆಕೆಯ ಸಂಸಾರದ ಅನುಭವ.

ಮರುದಿನ ಚಾಂದಪಾಶಾನ ಕ್ರೂಸರ್ ಗಾಡಿ ಬಂತು. ದುಂಡಮ್ಮನ ತೊಡೆಯ ಮೇಲೆ ಕುಬಸದ ಬುಟ್ಟಿ. ಅದರ ತುಂಬ ಕುಪ್ಪಸದ ಖಣ, ತೆಂಗಿನಕಾಯಿ, ಹಸಿರು ಬಳೆ, ಎಲೆ ಅಡಿಕೆ. ತಳದಲ್ಲಿ ಪ್ರಿಯದರ್ಶಿನಿಗೆಂದು ತಂದ ಹಸಿರು ಸೀರೆ. ಮೊದಲ ಬಸಿರು. ತವರಿನ ಬುಟ್ಟಿ ಎಷ್ಟು ತುಂಬಿ ಬರುತ್ತದೆ ಎಂದು ಬೀಗರ ಮನೆಯ ಮಂದಿಯೆಲ್ಲ ಕಣ್ಣಿಟ್ಟು ಕಾಯುವ ದಿನ.

ಕಪನೂರು ದಾಟಿದ್ದೇ ತಡ, ಚಂದ್ರಶಾ ಸೀಟಿನಿಂದ ಅರ್ಧ ಎದ್ದುಬಿಟ್ಟ. "ನಿಲ್ಲಸೋ ಚಾಂದಪಾಶಾ! ಇದೇ ನೋಡ್ರಿ ಅತ್ತಿ, ಕಪನೂರ ಮಹಾಸೇತುವಿ!"

ಚಾಂದಪಾಶಾ ಬ್ರೇಕು ಒತ್ತಿ, ಮುಂದೆ ನೋಡಿದ, ಹಿಂದೆ ನೋಡಿದ. "ಎಲ್ಲದ ಸಾಬ್? ಗಾಡಿ ಜರಾ ಅಲುಗಾಡಲೂ ಇಲ್ಲ!"

"ಕೆಳಗ ಇಳದು ನೋಡಪಾ, ಕೆಳಗ!"

ಕೆಳಗೆ ಒಂದು ಪೈಪು, ಪೈಪಿನ ಮುಂದೆ ಅಂಗೈಯಗಲ ಹಸಿ ಮಣ್ಣು, ಆ ಹಸಿ ಮಣ್ಣಿನ ಪೂರ್ಣ ಹಕ್ಕುದಾರಳಂತೆ ಮಲಗಿದ ಒಂದು ಎಮ್ಮೆ. ದುಂಡಮ್ಮ ಬುಟ್ಟಿ ಸಮೇತ ಇಳಿದಳು.

"ಇದು ಸೇತುವಿ ಅಂದ ಮ್ಯಾಲ ಕೆಳಗ ಇರಾಕಿ ಗಂಗಮ್ಮ. ಬಸರಿ ಹೆಣಮಗಳ ಉಡಿ ಸಾಮಾನ ತಗೊಂಡು ಗಂಗಮ್ಮನ್ನ ದಾಟಬೇಕಾದ್ರ ಮೊದಲ ಆಕಿ ಉಡಿ ತುಂಬಬೇಕು. ಇದು ನಮ್ಮ ಮನಿ ಪದ್ಧತಿ. ಮೋರಿಗಿ ಏನೂ ಬೇಕಿಲ್ಲ, ಹಂಗೇ ದಾಟಬಹುದು."

ಪೈಪಿಗೆ ಅರಿಸಿನ ಕುಂಕುಮ ಬಿತ್ತು. ಖಣ, ಕಾಯಿ, ಬಳೆ ಇಳಿದವು. ಎಲೆಯನ್ನು ಎಮ್ಮೆ ತಿಂದಿತು. ತನ್ನ ಪೈಪಿಗೆ ಪೂಜೆ! ಚಂದ್ರಶಾನ ಎದೆ ಕ್ರೂಸರ್ ಬಾಗಿಲಲ್ಲಿ ಹಿಡಿಸದಷ್ಟು ಉಬ್ಬಿತು. ಅವನು ಫೋಟೊ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ.

ಮುಂದೆ ಎರಡು ಪೈಪಿನ 'ಅವಳಿ ಸೇತುವೆ' ಬಂತು. ಅವಳಿ ಎಂದ ಮೇಲೆ ಉಡಿಯೂ ಜೋಡಿ! ಅದರಾಚೆ ಯಾವುದೋ ಟ್ರ್ಯಾಕ್ಟರ್ ಗುದ್ದಿ ತಡೆಗೋಡೆ ಓರೆಯಾಗಿದ್ದ 'ಬಾಗು ಸೇತುವೆ'. ಅಲ್ಲೂ ಗಂಗಮ್ಮ ಬಿಡಲಿಲ್ಲ. ಬುಟ್ಟಿಯ ಮೇಲೆ ಗೋಪುರದಂತಿದ್ದ ಖಣ ಈಗ ಬುಟ್ಟಿಯ ಅಂಚಿನೊಳಗೆ ಇಳಿದಿತ್ತು. ಗುರುದೇವಿ ಗಂಡನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಉಸುರಿದಳು.

"ರೀ, ಬುಟ್ಟಿ ಖಾಲಿ ಆಗಾಕತ್ತದ. 'ಇದು ಮೋರಿ ಅದ' ಅಂತ ಒಂದ ಮಾತ ಅನ್ರಿ. ಅವ್ವ ಇಳಿಯಂಗಿಲ್ಲ."

"ಆ ಮಾತ ನನ್ನ ಬಾಯಿಲೆ ಬರಂಗಿಲ್ಲ!"

"ಬಂಗಾರದ ಬಾಯಿ ಪಾಪ! ಹಂಗಾದ್ರ ತೋರಸಬ್ಯಾಡ್ರಿ. ತುಟಿ ಹೊಲಕೊಂಡು ಸುಮ್ಮ ಕೂಡ್ರಿ."

ಚಂದ್ರಶಾ ತುಟಿ ಹೊಲಿದುಕೊಂಡ. ಆದರೆ ಅಷ್ಟರಲ್ಲಿ ದುಂಡಮ್ಮನಿಗೇ ಸೇತುವೆಯ ಹುಚ್ಚು ಹಿಡಿದಿತ್ತು! ರಸ್ತೆ ಒಂದಿಷ್ಟು ಉಬ್ಬಿದರೂ ಸಾಕು, "ಅಳಿಯಂದ್ರ, ಇದು?" ಎಂದು ಕೇಳುವಳು. ಅವನು ಕಿಟಕಿಯಾಚೆಯ ತೊಗರಿ ಹೊಲವನ್ನು ಬಹಳ ಆಸಕ್ತಿಯಿಂದ ನೋಡುವನು. "ಬಾಯಿ ಬಿಡ್ರಿ. ಗೊತ್ತಿಲ್ದ ಗಂಗಮ್ಮನ್ನ ದಾಟಿ ಹೋದ್ರ ಕೂಸಿಗಿ ಒಳ್ಳೇದಲ್ಲ" ಎನ್ನುವಳು ಆಕೆ. ಕೂಸಿನ ಮಾತು ಬಂದ ಮೇಲೆ ಮಾಡುವುದೇನು? "ಸೇತುವಿ" ಎಂದು ಇವನು ಗೊಣಗುವನು. ಗಾಡಿ ನಿಲ್ಲುವುದು.

ಮಹಾಗಾಂವ ಹತ್ತಿರ ಬರುವ ಹೊತ್ತಿಗೆ ಒಂದು ಬೈಕು ಇವರ ಬೆನ್ನು ಹತ್ತಿತು. ಗಂಡ ಓಡಿಸುತ್ತಿದ್ದ, ಹೊಲಕ್ಕೆ ಹೊರಟಿದ್ದ ಹೆಂಡತಿ ಹಿಂದೆ ಕೂತಿದ್ದಳು. ಇವರು ಉಡಿ ತುಂಬಿ ಗಾಡಿ ಏರಿದೊಡನೆ ಆಕೆ ಇಳಿದು, ಗಂಗಮ್ಮನಿಗೆ ಕೈ ಮುಗಿದು, ಖಣ ಕಾಯಿ ಎತ್ತಿಕೊಂಡು ಬೈಕು ಏರುವಳು. ಕೊನೆಗೆ ಆಕೆ ಗಾಡಿಯ ಕಿಟಕಿಗೇ ಬಂದಳು.

"ಅಣ್ಣಾ, ಮುಂದಿನ ಸೇತುವಿ ಎಷ್ಟ ದೂರ ಅದ್ರಿ?"

ಚಂದ್ರಶಾನ ಮುಖ ಅರಳಿತು. "ಕೇಳಿದ್ಯಾ ಗುರುದೇವಿ? ನಮ್ಮ ಸೇತುವಿ ನೋಡಾಕ ಮಂದಿ ಹ್ಯಾಂಗ ಬೆನ್ನ ಹತ್ಯಾರ!"

"ಅವ್ರು ಬೆನ್ನ ಹತ್ತಿದ್ದು ಖಣಕ್ಕರೀ, ನಿಮ್ಮ ಪೈಪಿಗಲ್ಲ!"

ಅದೇ ಗಳಿಗೆಗೆ ಚಂದ್ರಶಾನ ಫೋನು ಬಡಿದುಕೊಂಡಿತು. ಪ್ರಿಯದರ್ಶಿನಿ. ಅಕ್ಕನ ಮದುವೆಯಾದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅಣ್ಣತಮ್ಮಂದಿರಿಲ್ಲದ ಅವಳು ಏನು ಬೇಕಾದರೂ ಕೇಳುತ್ತಿದ್ದದ್ದು ಈ ಮಾಮಾನನ್ನೇ.

"ಮಾಮಾ, ಎಲ್ಲಿದ್ದೀರಿ? 'ತವರು ಮನಿ ಬುಟ್ಟಿ ಇನ್ನೂ ಯಾಕ ಬಂದಿಲ್ಲ' ಅಂತ ಎಲ್ರೂ ಕೇಳಾಕತ್ತಾರ. ನನಗ ಅಳು ಬರಾಕತ್ತದ."

"ಬಂದೇ ಬಿಟ್ವಿ ತಂಗಿ" ಎಂದು ಚಂದ್ರಶಾ ಬುಟ್ಟಿಯೊಳಗೆ ಇಣುಕಿದ. ಒಂದು ಖಣ, ಒಂದು ಕಾಯಿ, ಒಂದಿಷ್ಟು ಬಳೆ, ಹಸಿರು ಸೀರೆ. ಉಳಿದದ್ದು ಅಷ್ಟೇ.

ಕಮಲಾಪುರ ಇನ್ನೇನು ಬಂತು ಎನ್ನುವಲ್ಲಿ ಒಂದು ಹಳ್ಳ. ಅದರ ಮೇಲೆ, ಒಂದರ ಪಕ್ಕ ಒಂದು ಸಾಲಾಗಿ ಪೈಪು ಹೂಡಿ, ಎರಡೂ ಕಡೆ ಸುಣ್ಣ ಬಳಿದ ಗೋಡೆ ಎಬ್ಬಿಸಿದ ಅವನ ಜೀವಮಾನದ ಸಾಧನೆ! ಪ್ರತಿ ಪೈಪಿನ ಮೇಲೂ ಹಸಿ ಸಿಮೆಂಟಿನಲ್ಲಿ ಬೆರಳಿನಿಂದ ತಾನೇ 'ಚಂ' ಎಂದು ಬರೆದಿದ್ದ. ಹಳ್ಳದಲ್ಲಿ ನಿಜವಾಗಿ ನೀರೂ ಹರಿಯುತ್ತಿತ್ತು. ಅತ್ತೆಯಿಂದ "ಭೇಷ್" ಬರಬೇಕಾಗಿದ್ದದ್ದೇ ಇಲ್ಲಿ.

"ಅಬ್ಬಾ, ಏನ ಛಂದ ಅದ! ಇದಂತೂ ಸೇತುವೀನ ಇರಬೇಕು. ಹೌದಲ್ರಿ ಅಳಿಯಂದ್ರ?" ದುಂಡಮ್ಮ ಆಗಲೇ ಬುಟ್ಟಿಗೆ ಕೈ ಹಾಕಿದ್ದಳು. ಸೀರೆಯ ಅಂಚು ಹೊರಗೆ ಕಂಡಿತು.

ಚಂದ್ರಶಾನಿಗೆ ನಿಜಕ್ಕೂ ಸಂಕಟವಾಯಿತು. ಒಂದು ಕಡೆ ತನ್ನ ಕೈಯ ಕೆಲಸ, ಇನ್ನೊಂದು ಕಡೆ ಕಣ್ಣೊರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿರುವ ಹುಡುಗಿ.

"ಮೋರಿ" ಎಂದ.

"ಕೇಳಸಲಿಲ್ರಿ."

"ಮೋರಿ ಅದ ಅತ್ತಿ. ಚಾಂದಪಾಶಾ, ಹೊಡಿ ಗಾಡಿ!"

ಗಾಡಿ ದಾಟಿತು. ಅವನು ಹಿಂತಿರುಗಿ ನೋಡಲಿಲ್ಲ. ಗುರುದೇವಿ ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದಂತೆ ಗಂಡನನ್ನು ನೋಡಿ, ಅವನ ಕೈಯನ್ನು ಮೆಲ್ಲಗೆ ಒತ್ತಿದಳು.

ಬೀಗರ ಮನೆಯ ಚಪ್ಪರದ ಬಾಗಿಲಲ್ಲಿ ಪ್ರಿಯದರ್ಶಿನಿಯ ಮಾವ ಬೀರಲಿಂಗ ಎದುರಾದ. "ಯಾಕ ಬೀಗರ, ಇಷ್ಟ ತಡಾ?"

ಚಂದ್ರಶಾ ನೆಪ ಹುಡುಕುವಷ್ಟರಲ್ಲಿ ದುಂಡಮ್ಮ ಬಾಯಿ ಹಾಕಿದಳು. "ಏನಿಲ್ರಿ. ನಮ್ಮ ಅಳಿಯಂದ್ರು ಮಾಡಿದ ಮೋರಿ ನೋಡಕೋತ ಬಂದ್ವಿ."

"ಮೋರಿ ಕೆಲಸ ಗೊತ್ತೇನ್ರಿ ನಿಮಗ?" ಬೀರಲಿಂಗನ ಕಣ್ಣು ಹೊಳೆಯಿತು. "ದೇವರು ಬಂದಂಗ ಬಂದ್ರಿ!" ಎಂದವನೇ ಚಂದ್ರಶಾನ ಕೈ ಹಿಡಿದ. ಹಿರಿ ಅಳಿಯನಿಗೆ ಜಮಖಾನೆಯ ಮೇಲೆ ಮರ್ಯಾದೆ ಇದೆ ಎಂದುಕೊಂಡು ಚಂದ್ರಶಾ ತಲೆಗೆ ಸುತ್ತಿದ ಪಟಕ ಸರಿಮಾಡಿಕೊಂಡ. ಜಮಖಾನೆ ದಾಟಿತು. ಚಪ್ಪರ ದಾಟಿತು. ಅಡಿಗೆ ಒಲೆಗಳೂ ದಾಟಿದವು. ಹಿತ್ತಲಲ್ಲಿ ಅನ್ನ ಬಸಿದ ಗಂಜಿ, ಪಾತ್ರೆ ತೊಳೆದ ನೀರು, ಹೋಳಿಗೆಯ ಎಣ್ಣೆ ಎಲ್ಲ ಸೇರಿ ಕೆರೆಯಾಗಿ ನಿಂತಿತ್ತು.

"ಮುಂಜಾನಿಯಿಂದ ಕಟ್ಟಿಕೊಂಡದ್ರಿ. ನಿಮಗ ಇದೇನು ದೊಡ್ಡದು!" ಬೀರಲಿಂಗ ಒಂದು ಬಿದಿರುಕೋಲು ಕೈಗಿಟ್ಟ.

ಹೊಸ ಧೋತರ ಮೊಳಕಾಲ ಮೇಲೆ ಏರಿತು. ಅತ್ತ ಚಪ್ಪರದಲ್ಲಿ ಉಳಿದ ಆ ಒಂದು ಖಣಕ್ಕೆ ಮಡಿಲೊಡ್ಡಿ ಪ್ರಿಯದರ್ಶಿನಿ ನಗುತ್ತ ಕೂತಿದ್ದಳು, ಹೆಣ್ಣುಮಕ್ಕಳು ಹಾಡುತ್ತಿದ್ದರು. ಇತ್ತ ಚಂದ್ರಶಾ ಹಲ್ಲು ಕಚ್ಚಿ ಕೋಲು ನೂಕಿದ. ಒಮ್ಮೆಲೇ ಬುಳಕ್ ಎಂದು ಕಟ್ಟು ಬಿಚ್ಚಿ, ನೀರು ಭರ್ ಎಂದು ಹರಿಯಿತು. ಸದ್ದು ಕೇಳಿ ಹಿತ್ತಲ ಬಾಗಿಲಿಗೆ ಬಂದವಳು ದುಂಡಮ್ಮ. ಕೈಯಲ್ಲಿ ಆ ಕೊನೆಯ ಖಣವಿದ್ದ ಬುಟ್ಟಿ. ಹರಿಯುವ ನೀರನ್ನೇ ಒಂದು ಗಳಿಗೆ ನೋಡಿದಳು.

"ಅಳಿಯಂದ್ರ, ಇದು..."

"ಮೋರಿ ಅತ್ತಿ! ಮೋರಿ! ಬರೇ ಮೋರಿ!" ಎಂದು ಚಂದ್ರಶಾ ಕಿರುಚಿದ ರಭಸಕ್ಕೆ ಚಪ್ಪರದ ಹಾಡು ನಿಂತಿತು.